ಮೂರು ಲಕ್ಷದ ಗೆರೆ: ಸರ್ಕಾರಿ ಖರ್ಚಿನ ವಕೀಲರು ಯಾರಿಗೆ ಸಿಗಬೇಕು?

ವರ್ಷಕ್ಕೆ 3,60,000 ರೂಪಾಯಿ ದುಡಿಯುವ ಒಬ್ಬ ಟೆಂಪೊ ಚಾಲಕನ ಮೇಲೆ ಕರ್ನಾಟಕದ ಯಾವುದೋ ತಾಲ್ಲೂಕಿನಲ್ಲಿ ಅಪಘಾತದ ಕೇಸು ಬಿದ್ದಿದೆ ಎಂದಿಟ್ಟುಕೊಳ್ಳಿ. ಆತ ಪರಿಶಿಷ್ಟ ಜಾತಿ, ಪಂಗಡದವನಲ್ಲ, ಅಂಗವಿಕಲನಲ್ಲ. ಠಾಣೆಯಲ್ಲೇ ಜಾಮೀನು ಸಿಕ್ಕಿದ್ದರಿಂದ ಜೈಲಿನಲ್ಲೂ ಇಲ್ಲ. ಉಚಿತ ವಕೀಲರು ಬೇಕೆಂದು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರೆ, ಆದಾಯ ಮಿತಿ ಮೀರಿದೆ ಎಂಬ ಉತ್ತರ ಬರುತ್ತದೆ. ಇಲ್ಲಿನ ಮಿತಿ 3 ಲಕ್ಷ. ಆತ ಕೇಸು ಸೋತು, ಸೆಷನ್ಸ್ ಮತ್ತು ಹೈಕೋರ್ಟುಗಳಲ್ಲೂ ಸೋತು ಸುಪ್ರೀಂ ಕೋರ್ಟ್ ಬಾಗಿಲಿಗೆ ಹೋದರೆ ಅಲ್ಲಿ ಅರ್ಹನಾಗುತ್ತಾನೆ. ಅಲ್ಲಿನ ಮಿತಿ 5 ಲಕ್ಷ. ಸಾಕ್ಷಿಗಳ ಪಾಟಿ ಸವಾಲು ನಡೆಯುವ ಕೋರ್ಟಿನಲ್ಲಿ ಆತನಿಗೆ ವಕೀಲರಿಲ್ಲ. ಸಾಕ್ಷ್ಯವೆಲ್ಲ ದಾಖಲಾಗಿ, ತೀರ್ಪುಗಳೆಲ್ಲ ಹೊರಬಿದ್ದ ಮೇಲೆ ದೆಹಲಿಯಲ್ಲಿ ವಕೀಲರುಂಟು.

ಇದು ಯಾರೋ ಅಧಿಕಾರಿಯ ತಪ್ಪಿನಿಂದ ಆದದ್ದಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಸುಪ್ರೀಂ ಕೋರ್ಟಿಗೆ ಒಂದು, ಉಳಿದ ಎಲ್ಲ ನ್ಯಾಯಾಲಯಗಳಿಗೆ ಇನ್ನೊಂದು ಎಂದು ಎರಡು ಬೇರೆ ಮಿತಿ ಇಟ್ಟಿದೆ. ಮೊದಲನೆಯದನ್ನು ಕೇಂದ್ರ ಸರ್ಕಾರ ಏರಿಸುತ್ತದೆ, ಎರಡನೆಯದನ್ನು ಆಯಾ ರಾಜ್ಯ. ಮೂಲ ಕಾಯ್ದೆಯಲ್ಲಿದ್ದ ಮೊತ್ತ ಕ್ರಮವಾಗಿ 12,000 ಮತ್ತು 9,000 ರೂಪಾಯಿ. ಎರಡೂ ಏರುತ್ತ ಬಂದವು, ಆದರೆ ಜೊತೆಯಾಗಿ ಅಲ್ಲ.

ಅರ್ಹತೆ ವಿಸ್ತರಿಸಬೇಕು ಎಂಬ ಮಾತು ಎದ್ದಾಗಲೆಲ್ಲ ಚರ್ಚೆ ಈ ಒಂದು ಅಂಕಿಯ ಸುತ್ತಲೇ ತಿರುಗುತ್ತದೆ. ಅಂಕಿ ಏರಬೇಕು ನಿಜ. ಆದರೆ ಜನ ಹೊರಗುಳಿಯುವುದು ಅದೊಂದರಿಂದಲೇ ಅಲ್ಲ. ಆದಾಯವನ್ನು ಹೇಗೆ ಅಳೆಯುತ್ತಾರೆ, ಯಾವ ಹಂತದಲ್ಲಿ ಕೇಳುತ್ತಾರೆ, ಅರ್ಹನೆಂದ ಮೇಲೆ ಎಂಥ ವಕೀಲರು ಸಿಗುತ್ತಾರೆ ಎಂಬುದರಲ್ಲೂ ಬಾಗಿಲುಗಳಿವೆ, ಅವು ಇನ್ನೂ ಕಿರಿದು.

ಆದಾಯ ಕೇಳದೆಯೇ ಅರ್ಹರಾದವರು

ಭಾರತದ ಕಾಯ್ದೆ ಈ ವಿಷಯದಲ್ಲಿ ಉದಾರವಾಗಿದೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಮಹಿಳೆಯರು, ಮಕ್ಕಳು, ಅಂಗವಿಕಲರು, ಮಾನವ ಸಾಗಣೆಗೆ ಅಥವಾ ಬಿಟ್ಟಿ ದುಡಿಮೆಗೆ ಬಲಿಯಾದವರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು, ವಿಪತ್ತು, ಕೋಮು ಹಿಂಸೆ, ಜಾತಿ ದೌರ್ಜನ್ಯ, ನೆರೆ, ಬರ, ಭೂಕಂಪಗಳಿಂದ ತಮ್ಮದಲ್ಲದ ತಪ್ಪಿಗೆ ಸಂಕಷ್ಟಕ್ಕೆ ಬಿದ್ದವರು, ಇವರ್‍ಯಾರಿಗೂ ಆದಾಯದ ಮಿತಿ ಇಲ್ಲ. ಶ್ರೀಮಂತ ಮನೆಯ ಮಹಿಳೆಗೂ ಯಾಕೆ ಉಚಿತ ವಕೀಲರು ಎಂದು ಕೇಳುವವರಿದ್ದಾರೆ. ಮನೆ, ಜಮೀನು, ಬ್ಯಾಂಕ್ ಖಾತೆ ಎಲ್ಲವೂ ಗಂಡನ ಹೆಸರಿನಲ್ಲಿದ್ದು, ಅದೇ ಗಂಡನ ವಿರುದ್ಧ ಜೀವನಾಂಶಕ್ಕೆ ಹೋಗಬೇಕಾದ ಹೆಂಗಸಿಗೆ ಮನೆಯ ಶ್ರೀಮಂತಿಕೆ ಯಾವ ಪ್ರಯೋಜನಕ್ಕೂ ಬರುವುದಿಲ್ಲ. ಈ ವಿನಾಯಿತಿಯನ್ನು ಮುಟ್ಟಬಾರದು.

ದೇಶದ ಜನಸಂಖ್ಯೆಯ ಸುಮಾರು ಶೇ 80ರಷ್ಟು ಜನ ಒಂದಲ್ಲ ಒಂದು ವರ್ಗದಡಿ ಅರ್ಹರು ಎಂಬ ಅಂದಾಜು ಬಹಳ ಕಾಲದಿಂದ ಚಾಲ್ತಿಯಲ್ಲಿದೆ. ಹಾಗಾದರೆ ಹೊರಗುಳಿದವರು ಯಾರು? ಹೆಚ್ಚಾಗಿ ಬಂಧನದಲ್ಲಿಲ್ಲದ, ಮೇಲಿನ ಯಾವ ವರ್ಗಕ್ಕೂ ಸೇರದ, ದುಡಿಯುವ ಗಂಡಸರು. ಆಟೊ ಓಡಿಸುವವರು, ಗಾರೆ ಕೆಲಸದವರು, ಸಣ್ಣ ಅಂಗಡಿಯವರು, ಮಳೆ ನಂಬಿದ ಒಣಭೂಮಿ ರೈತರು, ಮನೆಮನೆಗೆ ಊಟ ಸಾಮಾನು ತಲುಪಿಸುವ ಹುಡುಗರು. ‘ಕೈಗಾರಿಕಾ ಕಾರ್ಮಿಕ’ ಎಂಬ ವರ್ಗ ನಿಂತಿರುವುದು ಕೈಗಾರಿಕಾ ವಿವಾದ ಕಾನೂನಿನ ಹಳೆಯ ವ್ಯಾಖ್ಯೆಯ ಮೇಲೆ. ಮಾಲೀಕ ಮತ್ತು ನೌಕರ ಎಂಬ ನೇರ ಸಂಬಂಧವೇ ಇಲ್ಲದ ಆ್ಯಪ್ ಆಧಾರಿತ ಕೆಲಸಗಾರರನ್ನು ಅದರೊಳಗೆ ತರುವುದು ಕಷ್ಟ. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆಂದೇ ಕಾನೂನು ಮಾಡಿತು. ಕಾನೂನು ನೆರವಿನ ಪಟ್ಟಿಯಲ್ಲಿ ಮಾತ್ರ ಅವರಿಗೆ ಪ್ರತ್ಯೇಕ ಜಾಗವಿಲ್ಲ, ಆದಾಯದ ಬಾಗಿಲಿನಿಂದಲೇ ಬರಬೇಕು.

ಆ ಬಾಗಿಲಿನ ಎತ್ತರ ಎಷ್ಟು? ದಿನಕ್ಕೆ 1,000 ರೂಪಾಯಿ ಕೂಲಿಯ ಗಾರೆ ಮೇಸ್ತ್ರಿ ವರ್ಷದಲ್ಲಿ 300 ದಿನ ಕೆಲಸ ಸಿಕ್ಕಿ ದುಡಿದರೆ ಸರಿಯಾಗಿ 3 ಲಕ್ಷ. ಕಾಯ್ದೆ ಹೇಳುವುದು ಮಿತಿಗಿಂತ ‘ಕಡಿಮೆ’ ಇರಬೇಕು ಎಂದು. ಹಾಗಾಗಿ ಆತ ಹೊರಗೆ. ಬಾಡಿಗೆ, ಸ್ಕೂಲ್ ಫೀಸು, ಊರಲ್ಲಿರುವ ತಂದೆತಾಯಿಯ ಔಷಧಿ ಕಳೆದರೆ ತಿಂಗಳ 25,000ದಲ್ಲಿ ವಕೀಲರ ಶುಲ್ಕಕ್ಕೆ ಏನು ಉಳಿಯುತ್ತದೆ ಎಂಬುದನ್ನು ಯಾರೂ ಲೆಕ್ಕ ಹಾಕಿ ತೋರಿಸಬೇಕಿಲ್ಲ. ಮೀಸಲಾತಿಯಲ್ಲಿ ಆರ್ಥಿಕವಾಗಿ ಹಿಂದುಳಿದವರು ಎನ್ನಿಸಿಕೊಳ್ಳಲು ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ ಸಾಕು. ಅದು ಕುಟುಂಬದ ಲೆಕ್ಕ, ಇದು ವ್ಯಕ್ತಿಯ ಲೆಕ್ಕ, ಹಾಗಾಗಿ ನೇರ ಹೋಲಿಕೆ ಸಲ್ಲದು. ಆದರೂ ಒಂದೇ ಸರ್ಕಾರದ ಕಣ್ಣಿಗೆ ಒಂದು ಕಡೆ ಬಡವನಾದವನು ಇನ್ನೊಂದು ಕಡೆ ಉಳ್ಳವನಾಗಿ ಕಾಣುತ್ತಿದ್ದಾನೆ.

ಮಿತಿಯ ದೊಡ್ಡ ದೋಷ ಅದು ನಿಂತ ನೀರಾಗಿರುವುದು. ಒಮ್ಮೆ ಅಧಿಸೂಚನೆ ಹೊರಟರೆ ಮುಂದಿನ ಅಧಿಸೂಚನೆಯವರೆಗೆ ಅಂಕಿ ಅಲ್ಲೇ ಇರುತ್ತದೆ. ಕನಿಷ್ಠ ಕೂಲಿಗೆ ತುಟ್ಟಿಭತ್ಯೆ ಸೇರಿ ಪ್ರತಿ ವರ್ಷ ಏರುತ್ತದೆ. ಅಂದರೆ ಕೈಗೆ ಬರುವ ಹಣದ ಬೆಲೆ ಏರದಿದ್ದರೂ ಕಾಗದದ ಮೇಲೆ ಆದಾಯ ಏರಿ, ಹೋದ ವರ್ಷ ಅರ್ಹನಾಗಿದ್ದವನು ಈ ವರ್ಷ ಅನರ್ಹನಾಗುತ್ತಾನೆ. ಮಿತಿಯನ್ನು ಗ್ರಾಹಕ ಬೆಲೆ ಸೂಚ್ಯಂಕಕ್ಕೋ ಕುಶಲ ಕಾರ್ಮಿಕರ ಕನಿಷ್ಠ ಕೂಲಿಯ ಒಂದೂವರೆ ಪಟ್ಟಿಗೋ ಜೋಡಿಸಿಬಿಟ್ಟರೆ ಈ ಸಮಸ್ಯೆ ಮತ್ತೆ ಮತ್ತೆ ಬರುವುದಿಲ್ಲ. ಇದಕ್ಕೆ ಸಂಸತ್ತೂ ಬೇಡ, ವಿಧಾನಸಭೆಯೂ ಬೇಡ. ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿಯವರೊಂದಿಗೆ ಸಮಾಲೋಚಿಸಿ ನಿಯಮ ಮಾಡುವ ಅಧಿಕಾರವನ್ನು ಕಾಯ್ದೆಯ 28ನೇ ಕಲಂ ರಾಜ್ಯ ಸರ್ಕಾರಕ್ಕೆ ಈಗಾಗಲೇ ಕೊಟ್ಟಿದೆ. ಹೊಸ ವರ್ಗವನ್ನು ಸೇರಿಸುವುದಕ್ಕೆ ಕಾಯ್ದೆಯ ತಿದ್ದುಪಡಿಯೇ ಬೇಕು, ಅದು ದೂರದ ದಾರಿ. ಆದರೆ ಒಂದೊಂದು ಗುಂಪಿಗೆ ಹೆಚ್ಚಿನ ಆದಾಯ ಮಿತಿ ನಿಗದಿ ಮಾಡಬಹುದು. ದೆಹಲಿಯಲ್ಲಿ ಹಿರಿಯ ನಾಗರಿಕರಿಗೂ ತೃತೀಯ ಲಿಂಗಿಗಳಿಗೂ ಸಾಮಾನ್ಯ ಮಿತಿಗಿಂತ ಎತ್ತರದ ಮಿತಿ ಇಟ್ಟಿರುವುದು ಹೀಗೆಯೇ.

ಯಾರ ಆದಾಯ, ಯಾವ ಕಾಗದ

ಕಾಯ್ದೆಯ ಭಾಷೆ ಗಮನಿಸಬೇಕು. ಅದು ಕೇಳುವುದು ಅರ್ಜಿದಾರ ವ್ಯಕ್ತಿಯ ವಾರ್ಷಿಕ ಆದಾಯವನ್ನು. ನಾಡಕಚೇರಿಯಲ್ಲಿ ಸಿಗುವ ಆದಾಯ ಪ್ರಮಾಣಪತ್ರ ಕುಟುಂಬದ ಆದಾಯದ್ದು. ಗಂಡ 2 ಲಕ್ಷ, ಮನೆಗೆಲಸಕ್ಕೆ ಹೋಗುವ ಹೆಂಡತಿ 1,20,000 ದುಡಿದರೆ ಪ್ರಮಾಣಪತ್ರದಲ್ಲಿ 3,20,000 ಬರುತ್ತದೆ. ಆ ಕಾಗದವನ್ನೇ ಅಳತೆಗೋಲು ಮಾಡಿಕೊಂಡರೆ ಕಾಯ್ದೆ ಅರ್ಹನೆಂದವನನ್ನು ಕಾಗದ ಅನರ್ಹ ಮಾಡುತ್ತದೆ.

ಇದಕ್ಕೆ ಪರಿಹಾರವೂ ಕಾಯ್ದೆಯೊಳಗೇ ಇದೆ. 13ನೇ ಕಲಮಿನ ಪ್ರಕಾರ ಆದಾಯದ ಬಗ್ಗೆ ಅರ್ಜಿದಾರ ಕೊಡುವ ಪ್ರಮಾಣಿತ ಹೇಳಿಕೆ, ಅಂದರೆ ಅಫಿಡವಿಟ್, ಸಾಕು. ಅದನ್ನು ನಂಬದಿರಲು ಕಾರಣವಿದ್ದರೆ ಮಾತ್ರ ಹೆಚ್ಚಿನ ದಾಖಲೆ ಕೇಳಬಹುದು. ರೂಢಿಯಲ್ಲಿ ಇದು ತಲೆಕೆಳಗಾಗಿ, ಪ್ರಮಾಣಪತ್ರ ತಂದರೆ ಮಾತ್ರ ಅರ್ಜಿ ತೆಗೆದುಕೊಳ್ಳುತ್ತೇವೆ ಎಂದಾಗುವುದುಂಟು. ಒಡಿಶಾದಿಂದಲೋ ಬಿಹಾರದಿಂದಲೋ ಬೆಂಗಳೂರಿಗೆ ಬಂದು ಕಟ್ಟಡ ಕೆಲಸ ಮಾಡುವವನಿಗೆ ಇಲ್ಲಿನ ನಾಡಕಚೇರಿಯ ಕಾಗದ ಎಲ್ಲಿಂದ ಬರಬೇಕು? ಅಫಿಡವಿಟ್ಟೇ ಅವನಿಗಿರುವ ದಾರಿ.

‘ವಾರ್ಷಿಕ ಆದಾಯ’ ಎಂದರೇನೆಂದು ಕಾಯ್ದೆ ವ್ಯಾಖ್ಯಾನಿಸಿಲ್ಲ. ಅಫಿಡವಿಟ್ ಬರೆಯುವಾಗ ಜನ ಎಡವುವುದು ಇಲ್ಲಿ. ಆಟೊ ಚಾಲಕ ದಿನದ ಕಲೆಕ್ಷನ್ 1,500 ಎಂದು ಬರೆದುಬಿಡುತ್ತಾನೆ, ವರ್ಷಕ್ಕೆ ನಾಲ್ಕೂವರೆ ಲಕ್ಷ ಎಂದು ಲೆಕ್ಕವಾಗುತ್ತದೆ. ಗ್ಯಾಸ್, ಗಾಡಿಯ ಬಾಡಿಗೆ ಅಥವಾ ಸಾಲದ ಕಂತು, ರಿಪೇರಿ, ವಿಮೆ ಕಳೆದು ಕೈಯಲ್ಲಿ ಉಳಿಯುವುದೇ ಆದಾಯ. ಹಾಗಾಗಿ ಉದ್ಯೋಗ, ಕೆಲಸದ ಜಾಗ, ವರ್ಷದಲ್ಲಿ ಕೆಲಸ ಸಿಕ್ಕ ದಿನಗಳು, ಒಟ್ಟು ಗಳಿಕೆ, ಅದಕ್ಕಾಗಿ ಮಾಡಿದ ಖರ್ಚು, ಉಳಿದ ಮೊತ್ತ, ಜಮೀನಿದ್ದರೆ ಪಹಣಿಯಲ್ಲಿರುವ ವಿಸ್ತೀರ್ಣ, ಅವಲಂಬಿತರ ಸಂಖ್ಯೆ, ಇಷ್ಟನ್ನು ಬಿಡಿಬಿಡಿಯಾಗಿ ಬರೆಯುವುದು ಒಳ್ಳೆಯದು. ಕೃಷಿಕರಿಗೂ ಇದೇ ಲೆಕ್ಕ. ಈರುಳ್ಳಿ ಮಾರಿದ ರಸೀದಿಯ ಮೊತ್ತ ಆದಾಯವಲ್ಲ, ಬೀಜ, ಗೊಬ್ಬರ, ಕೂಲಿ, ಸಾಗಣೆ ಕಳೆಯಬೇಕು.

ರಾಜ್ಯದಲ್ಲಿ ಬಿಪಿಎಲ್ ಕಾರ್ಡಿನ ಆದಾಯ ಮಿತಿ 1,20,000 ರೂಪಾಯಿ, ಅದೂ ಇಡೀ ಕುಟುಂಬಕ್ಕೆ. ಆ ಕಾರ್ಡು ಕೈಯಲ್ಲಿರುವವನ ಸ್ವಂತ ಆದಾಯ 3 ಲಕ್ಷಕ್ಕಿಂತ ಕಡಿಮೆ ಎಂಬುದನ್ನು ಮತ್ತೆ ಸಾಬೀತು ಮಾಡಿಸುವುದರಲ್ಲಿ ಅರ್ಥವಿಲ್ಲ. ಕಾರ್ಡು ತೋರಿಸಿದವರನ್ನು ನೇರವಾಗಿ ಅರ್ಹರೆಂದು ಪರಿಗಣಿಸುವಂತೆ ಒಂದು ಸುತ್ತೋಲೆ ಹೊರಟರೆ ಸಾಕು. ಮಿತಿ ಏರಿಸುವುದಕ್ಕಿಂತ ಮೊದಲು ಮಾಡಬಹುದಾದ, ಖರ್ಚೇ ಇಲ್ಲದ ವಿಸ್ತರಣೆ ಇದು.

ಬಳಕೆಗೇ ಬಾರದ ಇನ್ನೊಂದು ಬಾಗಿಲು ಬರಗಾಲದ್ದು. 2023ರಲ್ಲಿ ಕರ್ನಾಟಕ ಸರ್ಕಾರ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಘೋಷಿಸಿತ್ತು. ಬರದ ಸಂತ್ರಸ್ತರಿಗೆ ಆದಾಯ ಮಿತಿ ಅನ್ವಯಿಸುವುದಿಲ್ಲ ಎಂದು 12ನೇ ಕಲಂ ನೇರವಾಗಿ ಹೇಳುತ್ತದೆ. ಅಂದರೆ ಆ ವರ್ಷ ಬೆಳೆ ಕಳೆದುಕೊಂಡ ರೈತ ಸಾಲ ವಸೂಲಿಯ ದಾವೆಗೋ ಜಮೀನಿನ ತಕರಾರಿಗೋ ಉಚಿತ ವಕೀಲರನ್ನು ಕೇಳುವಾಗ ಬರ ಘೋಷಣೆಯ ಆದೇಶ, ಪಹಣಿ ಮತ್ತು ಬೆಳೆ ಪರಿಹಾರ ಜಮೆಯಾದ ದಾಖಲೆಯನ್ನು ಮುಂದಿಟ್ಟು ಈ ಉಪಕಲಂ ಅಡಿಯಲ್ಲೇ ಅರ್ಹತೆ ಕೇಳಬಹುದಿತ್ತು. ಬರ ಘೋಷಣೆಯಾದಾಗ ಮೇವು, ಕುಡಿಯುವ ನೀರು, ಬೆಳೆ ಪರಿಹಾರದ ಆದೇಶಗಳು ಹೊರಡುತ್ತವೆ. ಜೊತೆಗೆ ಕಾನೂನು ನೆರವಿನ ಒಂದು ಸಾಲು ಸೇರಿದರೆ ಹಳ್ಳಿಹಳ್ಳಿಗೆ ಅದು ತಲುಪುತ್ತದೆ. ಕಾಯ್ದೆ ‘ನ್ಯಾಯಾಲಯ’ ಎಂಬ ಪದವನ್ನು ಕಂದಾಯ ನ್ಯಾಯಾಲಯಗಳಿಗೂ ನ್ಯಾಯಮಂಡಳಿಗಳಿಗೂ ಹಿಗ್ಗಿಸಿದೆ. ಉಪವಿಭಾಗಾಧಿಕಾರಿಯ ಮುಂದಿರುವ ಖಾತೆ ತಕರಾರಿಗೂ ವಕೀಲರನ್ನು ಕೇಳುವ ಹಕ್ಕಿದೆ ಎಂಬುದು ಬಹಳ ರೈತರಿಗೆ ತಿಳಿದಿಲ್ಲ.

ಯಾವಾಗ ಸಿಗುತ್ತಾರೆ ಎಂಬುದೇ ಅರ್ಧ ಹಕ್ಕು

ಬಂಧನದಲ್ಲಿರುವವರಿಗೆ ಆದಾಯ ಮಿತಿ ಇಲ್ಲ. 1979ರ ಹುಸೇನಾರಾ ಖಾತೂನ್ ಪ್ರಕರಣ ಬಡ ಆರೋಪಿಗೆ ವಕೀಲರನ್ನು ಒದಗಿಸುವುದು ಸಂವಿಧಾನದ 21ನೇ ವಿಧಿಯ, ಅಂದರೆ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನ, ಭಾಗವೆಂದಿತು. ಮುಂದೆ ಖತ್ರಿ ಪ್ರಕರಣ ಈ ಹಕ್ಕು ಮ್ಯಾಜಿಸ್ಟ್ರೇಟರ ಮುಂದೆ ಮೊದಲ ಸಲ ಹಾಜರುಪಡಿಸಿದ ಕ್ಷಣದಿಂದಲೇ ಶುರು ಎಂದಿತು. 1986ರ ಸುಕ್ ದಾಸ್ ತೀರ್ಪು, ಆರೋಪಿ ಕೇಳಲಿಲ್ಲ ಎಂಬ ಕಾರಣಕ್ಕೆ ಹಕ್ಕು ಹೋಗುವುದಿಲ್ಲ, ತಿಳಿಸಬೇಕಾದ ಹೊಣೆ ನ್ಯಾಯಾಲಯದ್ದು ಎಂದಿತು. ತೀರ್ಪುಗಳ ಮಟ್ಟಿಗೆ ಗೊಂದಲವೇನಿಲ್ಲ.

ತೊಂದರೆ ಬಂಧನದ ಎರಡೂ ಬದಿಯಲ್ಲಿದೆ. ಬಂಧನಕ್ಕೆ ಮುಂಚೆ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35(3)ರ ನೋಟಿಸು ಕೊಟ್ಟು ಠಾಣೆಗೆ ಕರೆಸಿದ ವ್ಯಕ್ತಿ ‘ಬಂಧನದಲ್ಲಿ’ ಇಲ್ಲ. ಹೇಳಿಕೆ, ಮಹಜರು, ಸಹಿ ಎಲ್ಲ ಆಗುವ ಹೊತ್ತು ಅದು. ಠಾಣೆಯ ಹಂತದಲ್ಲೂ ನೆರವು ಸಿಗಬೇಕೆಂದು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2019ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಆದರೆ ಆ ಹೊತ್ತಿನಲ್ಲಿ ಆದಾಯದ ಕಾಗದ ಕೇಳುತ್ತ ಕೂತರೆ ಮಾರ್ಗಸೂಚಿ ಅಲ್ಲಿಗೇ ಮುಗಿಯಿತು. ಠಾಣೆ ಮತ್ತು ರಿಮ್ಯಾಂಡ್ (ಮ್ಯಾಜಿಸ್ಟ್ರೇಟರು ಆರೋಪಿಯನ್ನು ವಶಕ್ಕೆ ಒಪ್ಪಿಸುವ) ಹಂತಗಳಿಗೆ ಆದಾಯ ಪರೀಕ್ಷೆಯೇ ಇರಬಾರದು.

ಇನ್ನೊಂದು ಬದಿ ಜಾಮೀನಿನ ನಂತರದ್ದು. ಜೈಲಿನಲ್ಲಿದ್ದಾಗ ವಕೀಲರು ಸಿಕ್ಕಿದ್ದು ‘ಬಂಧನದಲ್ಲಿರುವ ವ್ಯಕ್ತಿ’ ಎಂಬ ಕಾರಣಕ್ಕೆ. ಜಾಮೀನಿನ ಮೇಲೆ ಹೊರಬಂದ ಕೂಡಲೇ ಆ ಆಧಾರ ತಪ್ಪಿತು, ಇನ್ನು ಆದಾಯ ತೋರಿಸು ಎಂಬ ಪ್ರಶ್ನೆ ಏಳಬಹುದು. ಹಾಗಾದರೆ ವಿಚಾರಣೆಯ ಮಧ್ಯೆ ವಕಾಲತ್ತು ಬದಲಾಗಿ, ಕಡತ ಕೈ ಬದಲಾಗಿ, ಪಾಟಿ ಸವಾಲಿಗೆ ಯಾರೂ ತಯಾರಿರುವುದಿಲ್ಲ. ಒಮ್ಮೆ ಅರ್ಹನಾದವನು ಆ ಪ್ರಕರಣದ ತೀರ್ಪಿನವರೆಗೂ ಮೇಲ್ಮನವಿಗೂ ಅರ್ಹ ಎಂದು ನಿಯಮದಲ್ಲಿ ಒಂದು ವಾಕ್ಯ ಬರೆದರೆ ಈ ಬಿರುಕು ಮುಚ್ಚುತ್ತದೆ.

ತಡವಾಗಿ ಬಂದ ವಕೀಲರಿಂದ ಏನು ನಷ್ಟ ಎಂಬುದಕ್ಕೆ ದಿನಗಳ ಲೆಕ್ಕವೇ ಸಾಕು. ಹತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ 90 ದಿನ, ಉಳಿದವುಗಳಲ್ಲಿ 60 ದಿನದೊಳಗೆ ದೋಷಾರೋಪ ಪಟ್ಟಿ ಸಲ್ಲಿಕೆಯಾಗದಿದ್ದರೆ ಆರೋಪಿಗೆ ಜಾಮೀನು ಹಕ್ಕಾಗಿ ಬರುತ್ತದೆ. ಆದರೆ ಅರ್ಜಿ ಹಾಕಬೇಕು. 61ನೇ ದಿನ ಬೆಳಿಗ್ಗೆ ಅರ್ಜಿ ಹಾಕುವವರಿಲ್ಲದೆ, 63ನೇ ದಿನ ಪಟ್ಟಿ ಸಲ್ಲಿಕೆಯಾದರೆ ಆ ಹಕ್ಕು ಹೋಯಿತು. ಮುಂದೆ ತಿಂಗಳುಗಟ್ಟಲೆ ಜೈಲು. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ಇವರೆಲ್ಲ ಕಾಗದದ ಮೇಲೆ ಉಚಿತ ವಕೀಲರಿಗೆ ಅರ್ಹರೇ.

ಜಾಮೀನು ಸಿಕ್ಕರೂ ಭದ್ರತೆ ಒದಗಿಸಲಾಗದೆ ಒಳಗೇ ಉಳಿಯುವವರಿದ್ದಾರೆ. ಅವರಿಗಾಗಿ ಕೇಂದ್ರ ಸರ್ಕಾರ 2023ರಲ್ಲಿ ತಂದ ಬಡ ಕೈದಿಗಳ ನೆರವು ಯೋಜನೆ ವಿಚಾರಣಾಧೀನರಿಗೆ 40,000, ದಂಡ ಕಟ್ಟಲಾಗದ ಶಿಕ್ಷಿತರಿಗೆ 25,000 ರೂಪಾಯಿವರೆಗೆ ಕೊಡಲು ಅವಕಾಶ ಮಾಡಿತು. ಇದನ್ನು ಜಿಲ್ಲಾ ಸಮಿತಿಯ ಮುಂದೆ ಎತ್ತಬೇಕಾದವರು ಯಾರು? ಮತ್ತೆ ಅದೇ ವಕೀಲರು.

ಹೊಸ ಸಂಹಿತೆಯಲ್ಲಿ ಒಂದು ಒಳ್ಳೆಯ ಬದಲಾವಣೆ ಆಗಿದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 304ನೇ ಕಲಂ ಸೆಷನ್ಸ್ ವಿಚಾರಣೆಗಳಿಗೆ ಸೀಮಿತವಾಗಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಸಂಹಿತೆಯ 341ನೇ ಕಲಂ ನ್ಯಾಯಾಲಯದಲ್ಲಿನ ವಿಚಾರಣೆ, ಮೇಲ್ಮನವಿ ಎರಡಕ್ಕೂ ಅನ್ವಯಿಸುತ್ತದೆ. ವಕೀಲರನ್ನಿಟ್ಟುಕೊಳ್ಳುವ ಶಕ್ತಿ ಆರೋಪಿಗಿಲ್ಲ ಎಂದು ನ್ಯಾಯಾಲಯಕ್ಕೆ ಕಂಡರೆ ಸಾಕು, ಸರ್ಕಾರಿ ಖರ್ಚಿನಲ್ಲಿ ನೇಮಿಸಬೇಕು. ಇದರಲ್ಲಿ ರೂಪಾಯಿಯ ಅಂಕಿ ಇಲ್ಲ. ಆರಂಭದಲ್ಲಿ ಹೇಳಿದ ಟೆಂಪೊ ಚಾಲಕನಿಗೆ ಈಗಿರುವ ನಿಜವಾದ ದಾರಿ ಇದು. ಸಮಿತಿ ಅರ್ಜಿ ತಳ್ಳಿದರೂ ಆತ ಮ್ಯಾಜಿಸ್ಟ್ರೇಟರ ಮುಂದೆ ನಿಂತು ತನಗೆ ಶಕ್ತಿಯಿಲ್ಲ ಎಂದು ಹೇಳಬಹುದು. ಶುಲ್ಕ ಎಷ್ಟು, ಕೈಯಲ್ಲಿ ಎಷ್ಟಿದೆ ಎಂದು ಕೇಳುವ ಈ ಪರೀಕ್ಷೆಯೇ ಸರಿಯಾದದ್ದು. ಆದಾಯ ಮಿತಿಯ ನಿಯಮವೂ ಇದನ್ನೇ ಅನುಸರಿಸಿ, ಮಿತಿಗಿಂತ ತುಸು ಮೇಲಿರುವವರ ಬಾಡಿಗೆ, ಚಿಕಿತ್ಸೆ, ಪ್ರಕರಣದ ಸ್ವರೂಪ ನೋಡಿ ತೀರ್ಮಾನಿಸುವ ಅವಕಾಶ ಇಡಬೇಕು. ಕೊಲೆ ಆರೋಪದ ವಿಚಾರಣೆಗೂ ಚೆಕ್ ಬೌನ್ಸ್ ಕೇಸಿಗೂ ತಗಲುವ ಖರ್ಚು ಒಂದೇ ಅಲ್ಲ.

ಬಾಗಿಲು ಅಗಲವಾದರೆ ಒಳಗೆ ಯಾರಿದ್ದಾರೆ

ಕ್ರಿಮಿನಲ್ ಪ್ರಕರಣಗಳಲ್ಲಿ ಈಗ ಜಿಲ್ಲೆಗಳಲ್ಲಿ ‘ಕಾನೂನು ನೆರವು ಅಭಿರಕ್ಷಕರ ಕಚೇರಿ’ಗಳಿವೆ. 2022ರ ಪರಿಷ್ಕೃತ ಯೋಜನೆಯಡಿ ಬಂದ ಇವು ಸರ್ಕಾರಿ ಅಭಿಯೋಜಕರ ಕಚೇರಿಗೆ ಎದುರಾಗಿ ಆರೋಪಿಯ ಪರ ಇರುವ ಪೂರ್ಣಾವಧಿ ಕಚೇರಿಗಳು. ಮುಖ್ಯ ಅಭಿರಕ್ಷಕರಿಗೆ ಕನಿಷ್ಠ 10 ವರ್ಷ, ಉಪ ಮುಖ್ಯರಿಗೆ 7 ವರ್ಷ ಕ್ರಿಮಿನಲ್ ವಕೀಲಿಕೆಯ ಅನುಭವ ಬೇಕು, ಸಹಾಯಕರು ಹೊಸಬರು. ಖಾಸಗಿ ಕೇಸು ಹಿಡಿಯುವಂತಿಲ್ಲ. ಹಳೆಯ ಪ್ಯಾನಲ್ ಪದ್ಧತಿಯಲ್ಲಿ ವಕೀಲರು ತಮ್ಮ ಖಾಸಗಿ ಕೇಸುಗಳ ನಡುವೆ ಬಿಡುವು ಮಾಡಿಕೊಂಡು ಬರುತ್ತಿದ್ದರು, ಗೌರವಧನ ಕೇಸಿಗಿಷ್ಟು ಎಂದಿತ್ತು. ಅದಕ್ಕೆ ಹೋಲಿಸಿದರೆ ಇದು ದೊಡ್ಡ ಸುಧಾರಣೆ.

ಆದರೆ ನೇಮಕ ಗುತ್ತಿಗೆಯ ಮೇಲೆ. ಮೊದಲು ಎರಡು ವರ್ಷ, ಆಮೇಲೆ ವರ್ಷವರ್ಷ ವಿಸ್ತರಣೆ. ಸೆಷನ್ಸ್ ವಿಚಾರಣೆಯೊಂದು ಅದಕ್ಕಿಂತ ಹೆಚ್ಚು ಕಾಲ ಎಳೆಯುವುದು ಸಾಮಾನ್ಯ. ಒಂದೇ ಪ್ರಕರಣದ ಇಬ್ಬರು ಆರೋಪಿಗಳು ಪರಸ್ಪರರ ಮೇಲೆ ತಪ್ಪು ಹೊರಿಸಿದರೆ ಒಂದೇ ಕಚೇರಿ ಇಬ್ಬರ ಪರವೂ ನಿಲ್ಲಲಾಗದು, ಒಬ್ಬರನ್ನು ಪ್ಯಾನಲ್ ವಕೀಲರಿಗೆ ಒಪ್ಪಿಸಬೇಕು. ಕನ್ನಡ ಬಾರದ ಆರೋಪಿಯ ಮಾತು ಅರ್ಥಮಾಡಿಕೊಳ್ಳಲು ದುಭಾಷಿ ಬೇಕು. ಸಿವಿಲ್ ಮತ್ತು ಕಂದಾಯ ಪ್ರಕರಣಗಳು ಈ ಕಚೇರಿಗಳ ವ್ಯಾಪ್ತಿಗೇ ಬರುವುದಿಲ್ಲ, ಅಲ್ಲಿ ಹಳೆಯ ಪ್ಯಾನಲ್ಲೇ ಗತಿ.

ಮಿತಿಯನ್ನು 3ರಿಂದ 5 ಲಕ್ಷಕ್ಕೆ ಏರಿಸಿ, ವಕೀಲರ ಸಂಖ್ಯೆ ಹಾಗೇ ಉಳಿಸಿದರೆ ಮೊದಲು ಏಟು ತಿನ್ನುವವರು ಈಗಾಗಲೇ ಅರ್ಹರಾಗಿರುವ ಕಡುಬಡವರು. ಅಮೆರಿಕದ ಅನುಭವ ಇಲ್ಲಿ ಪಾಠ. ಅಲ್ಲಿ 1963ರ ಗಿಡಿಯನ್ ತೀರ್ಪಿನಿಂದ ಗಂಭೀರ ಅಪರಾಧಗಳಲ್ಲಿ ಬಡ ಆರೋಪಿಗೆ ವಕೀಲರು ಖಾತರಿಯಾದರು. ಹತ್ತು ವರ್ಷದ ನಂತರ ಒಬ್ಬ ವಕೀಲರಿಗೆ ವರ್ಷಕ್ಕೆ 150 ಗಂಭೀರ ಪ್ರಕರಣ ಮೀರಬಾರದು ಎಂಬ ಮಾನದಂಡ ಬಂತು. ಅದೂ ಅತಿಯಾಯಿತು ಎಂದು 2023ರ ಅಧ್ಯಯನ ಹೇಳಿತು. ನಮ್ಮ ಸುಪ್ರೀಂ ಕೋರ್ಟ್ 2019ರ ಅನೋಖಿಲಾಲ್ ಪ್ರಕರಣದಲ್ಲಿ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಸಾಧ್ಯತೆಯಿರುವ ಕೇಸುಗಳಿಗೆ ಕನಿಷ್ಠ 10 ವರ್ಷ ಅನುಭವದ ವಕೀಲರನ್ನು ಕೊಡಬೇಕು, ತಯಾರಿಗೆ ಸಾಮಾನ್ಯವಾಗಿ ಕನಿಷ್ಠ 7 ದಿನ ಬಿಡಬೇಕು ಎಂದಿತು. ಇದೇ ಬಗೆಯ ಮಿತಿ ಪ್ರತಿ ಅಭಿರಕ್ಷಕರ ಕೈಯಲ್ಲಿರುವ ಕಡತಗಳಿಗೂ ಬೇಕು. ಆದಾಯ ಮಿತಿ ಏರಿಸುವ ಅಧಿಸೂಚನೆಯ ಜೊತೆಗೇ ಹುದ್ದೆಗಳ ಮಂಜೂರಾತಿಯೂ ಹೊರಡಬೇಕು.

ಹಣದ ಮಾತು ಬರುವುದು ಇಲ್ಲಿ. ಕಾನೂನು ನೆರವಿಗೆ ದೇಶ ತಲಾ ವರ್ಷಕ್ಕೆ ಖರ್ಚು ಮಾಡುವುದು ಸುಮಾರು 6 ರೂಪಾಯಿ ಎಂದು 2025ರ ಇಂಡಿಯಾ ಜಸ್ಟಿಸ್ ರಿಪೋರ್ಟ್ ಲೆಕ್ಕ ಹಾಕಿದೆ. ಹಳ್ಳಿಗಳಲ್ಲಿ ಜನರನ್ನು ಸಮಿತಿಯವರೆಗೆ ಕರೆತರುವ ಅರೆಕಾನೂನು ಸ್ವಯಂಸೇವಕರ ಸಂಖ್ಯೆ 2019ರಿಂದ 2024ರ ನಡುವೆ ಶೇ 38ರಷ್ಟು ಕುಸಿದಿದೆ ಎಂದೂ ಅದೇ ವರದಿ ಹೇಳುತ್ತದೆ. ಅದರ ಒಟ್ಟಾರೆ ಶ್ರೇಯಾಂಕದಲ್ಲಿ ದೊಡ್ಡ ರಾಜ್ಯಗಳ ಪೈಕಿ ಕರ್ನಾಟಕ ಮೊದಲನೆಯದು. ಮಿತಿಯನ್ನು ಸೂಚ್ಯಂಕಕ್ಕೆ ಜೋಡಿಸುವ ಕೆಲಸವನ್ನು ಬೇರೆ ರಾಜ್ಯಗಳಿಗಾಗಿ ಕಾಯದೆ ಇಲ್ಲೇ ಶುರು ಮಾಡಬಹುದು.

ಅಲ್ಲಿಯವರೆಗೆ, ಈಗಿರುವ ನಿಯಮದಲ್ಲೇ ಅರ್ಜಿ ಹಾಕುವವರು ತಿಳಿದಿರಬೇಕಾದದ್ದು. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಸಮಿತಿ, ಜಿಲ್ಲಾ ನ್ಯಾಯಾಲಯದಲ್ಲಿರುವ ಜಿಲ್ಲಾ ಪ್ರಾಧಿಕಾರ, ಹೈಕೋರ್ಟ್ ಪ್ರಕರಣವಾದರೆ ಅಲ್ಲಿನ ಕಾನೂನು ಸೇವಾ ಸಮಿತಿ, ಎಲ್ಲಿ ಕೇಸಿದೆಯೋ ಅಲ್ಲಿಗೆ ಹೋಗಬೇಕು. ದೂರವಾಣಿ 15100. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಬರೆದುಕೊಳ್ಳಬೇಕು. ಅರ್ಜಿಗೆ ಶುಲ್ಕವಿಲ್ಲ. ಗುರುತಿನ ಚೀಟಿ, ಸಮನ್ಸ್ ಅಥವಾ ನೋಟಿಸಿನ ಪ್ರತಿ, ಯಾವ ವರ್ಗದಡಿ ಕೇಳುತ್ತಿದ್ದೀರೋ ಅದರ ದಾಖಲೆ, ಆದಾಯದಡಿಯಾದರೆ ಅಫಿಡವಿಟ್ ಇರಲಿ. ಎರಡು ವರ್ಗಗಳಿಗೆ ಸೇರುವವರು ಆದಾಯ ಮಿತಿಯಿಲ್ಲದ ವರ್ಗವನ್ನು ಮೊದಲು ಬರೆಯಬೇಕು. ತೀರ್ಮಾನ 7 ದಿನದೊಳಗೆ ಆಗಬೇಕು. ಕೋರ್ಟ್ ಶುಲ್ಕ, ಸಮನ್ಸ್, ನೋಟಿಸು ತಲುಪಿಸುವ ಪ್ರೋಸೆಸ್ ಶುಲ್ಕ, ದೃಢೀಕೃತ ನಕಲು, ಮೇಲ್ಮನವಿಯ ಕಡತದ ಅನುವಾದ ಮತ್ತು ಮುದ್ರಣದ ಖರ್ಚೂ ನೆರವಿನೊಳಗೇ ಬರುತ್ತದೆ. ನೇಮಕವಾದ ವಕೀಲರು ಕಕ್ಷಿದಾರರಿಂದ ಒಂದು ರೂಪಾಯಿಯನ್ನೂ ಕೇಳುವಂತಿಲ್ಲ. ತಿರಸ್ಕಾರವಾದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ ಪಡೆದು, ಆ ಸಮಿತಿ ಅಥವಾ ಪ್ರಾಧಿಕಾರದ ಅಧ್ಯಕ್ಷರ ಮುಂದೆ ಮೇಲ್ಮನವಿ ಹಾಕಬಹುದು. ಕ್ರಿಮಿನಲ್ ಪ್ರಕರಣವಾದರೆ ಆ ಮೇಲ್ಮನವಿಯ ತೀರ್ಮಾನಕ್ಕೆ ಕಾಯದೆ ಮುಂದಿನ ವಿಚಾರಣೆಯ ದಿನವೇ 341ನೇ ಕಲಮಿನಡಿ ನ್ಯಾಯಾಧೀಶರಿಗೆ ಅರ್ಜಿ ಕೊಡಬೇಕು.